ಎಸ್‌ಟಿಪಿ ಟ್ಯಾಂಕಿಗೆ ಈಜು ಬರುವ ಹುಡುಗನನ್ನು ಇಳಿಸಬಹುದಾ?

ಪ್ರಶ್ನೆ (ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಸರ್ಜಾಪುರ ರಸ್ತೆ): ನಮಸ್ಕಾರ ಸಾರ್. ನಮ್ಮದು 140 ಮನೆ, ಕೊಳಚೆ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ) ಇದೆ. ಎಸ್‌ಟಿಪಿಯ ಏರಿಯೇಷನ್ ಟ್ಯಾಂಕಿನ ಒಂದು ಮೂಲೆಯಲ್ಲಿ ಗುಳ್ಳೆ ಏಳುತ್ತಿಲ್ಲ. ತಳದಿಂದ ಗಾಳಿ ಗುಳ್ಳೆ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆಯಂತೆ. ಟ್ಯಾಂಕ್ ಖಾಲಿ ಮಾಡಿಸಿದರೆ ಟ್ಯಾಂಕರ್ ಖರ್ಚು ಜಾಸ್ತಿ, ವಾಸನೆ ಬೇರೆ. ಮೆಂಟೆನೆನ್ಸ್‌ನವರು "ನಮ್ಮ ಹುಡುಗ ಚೆನ್ನಾಗಿ ಈಜ್ತಾನೆ, ಸ್ಕೂಬಾ ಸಿಲಿಂಡರ್ ಬಾಡಿಗೆಗೆ ತರ್ತೀವಿ, ಹತ್ತು ನಿಮಿಷದ ಕೆಲಸ" ಅಂತಿದ್ದಾರೆ. ನೀವು ಕೊಳಚೆ ನೀರಲ್ಲಿ ಡೈವಿಂಗ್ ಮಾಡಿದವರು. ಒಪ್ಪಬಹುದಾ?

ಉತ್ತರ: ಬೇಡ ಸಾರ್. ಈಗಲೇ ಫೋನ್ ಮಾಡಿ ನಿಲ್ಲಿಸಿ, ಮಿಕ್ಕಿದ್ದನ್ನು ಆಮೇಲೆ ಓದಿ.

ಏರಿಯೇಷನ್ ಟ್ಯಾಂಕಿನಲ್ಲಿ ಈಜು ಕೈಕೊಡುತ್ತದೆ. ತಳದಿಂದ ಗಾಳಿ ನುಗ್ಗುವ ನೀರು ಹಗುರ, ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಕೆರೆಯಲ್ಲಿ ಸಲೀಸಾಗಿ ತೇಲುವವನು ಇಲ್ಲಿ ಮುಳುಗಿಹೋಗುತ್ತಾನೆ. ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಆಯ್ತಲ್ಲ ಅನ್ನಬೇಡಿ. ಗಾಳಿ ನಿಂತಮೇಲೆ ಸ್ಲಡ್ಜ್ (ಕೊಳಚೆಯ ಕೆಸರು) ತಳಕ್ಕೆ ಕೂತು ಕೊಳೆಯಲು ಶುರುವಾಗುತ್ತದೆ, ಅದನ್ನು ಕಾಲಲ್ಲಿ ಕಲಕಿದರೆ ಹೈಡ್ರೋಜನ್ ಸಲ್ಫೈಡ್ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತೆ ಅನ್ನುವ ಧೈರ್ಯವೂ ಬೇಡ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 100 ಪಾಲು (100 ಪಿಪಿಎಂ) ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆ ಹೋಯಿತು ಅಂತ ಇನ್ನೂ ಒಳಗೆ ಹೋಗುತ್ತಾರೆ. 500 ದಾಟಿದ ಕಡೆ ಪ್ರಜ್ಞೆ ತಪ್ಪಲು ಹೆಚ್ಚು ಹೊತ್ತು ಬೇಕಿಲ್ಲ.

ಇನ್ನು ಸ್ಕೂಬಾ. ಮೌತ್‌ಪೀಸ್ ಕಚ್ಚಿಕೊಂಡಾಗ ತುಟಿಯ ಅಂಚಿನಿಂದ ನೀರು ಬಾಯಿಗೆ ಬಂದೇ ಬರುತ್ತದೆ, ಕಿವಿಯಂತೂ ಪೂರ್ತಿ ಬಯಲು. ನಾವು ಇಂಥ ನೀರಿಗೆ ಇಳಿಯುವಾಗ ನೀರು ಒಳಗೆ ಬಿಡದ, ವಲ್ಕನೈಸ್ಡ್ ರಬ್ಬರಿನ ಡ್ರೈಸೂಟ್ ಹಾಕುತ್ತೇವೆ. ಮಾಮೂಲಿ ಡೈವಿಂಗ್ ಸೂಟಿನ ನಿಯೋಪ್ರೀನ್ ಸ್ಪಂಜಿನ ಹಾಗೆ ಹೊಲಸನ್ನು ಹೀರಿಕೊಳ್ಳುತ್ತದೆ, ರಬ್ಬರಿನ ನುಣುಪು ಮೈಯನ್ನು ತೊಳೆಯಬಹುದು. ಹೆಲ್ಮೆಟ್ ಸೂಟಿಗೇ ಬಿಗಿಯುತ್ತದೆ, ಗ್ಲೌಸೂ ಅಷ್ಟೇ. ಉಸಿರಿನ ಗಾಳಿ, ಮಾತಿನ ತಂತಿ, ಆಳ ಅಳೆಯುವ ಸಣ್ಣ ಕೊಳವೆ ಎಲ್ಲಾ ಒಂದೇ ಕಟ್ಟಾಗಿ ಮೇಲಿಂದ ಬರುತ್ತವೆ. ನನ್ನ ಬೆನ್ನ ಮೇಲಿನ ಸಿಲಿಂಡರ್, ನಾನು ಕೆಳಗೆ ಸಿಕ್ಕಿಕೊಂಡರೆ ಅಂತ ಇಟ್ಟುಕೊಂಡಿದ್ದು ಮಾತ್ರ. ಇನ್ನೊಬ್ಬ ಡೈವರ್ ಇಷ್ಟೂ ತೊಟ್ಟು ದಡದಲ್ಲಿ ರೆಡಿ ಕೂತಿರಬೇಕು.

ಇಷ್ಟೆಲ್ಲಾ ಇದ್ದೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ಪಂಪ್‌ಹೌಸಿನ ಬಾವಿ. ದೀಪ ಹಾಕಿದರೂ ಗಾಜಿನ ಮುಂದೆ ಗಟ್ಟಿ ಡಿಕಾಕ್ಷನ್ ಕಪ್ಪು. ಬೆರಳಲ್ಲೇ ನೋಡಬೇಕು: ಇದು ಬಟ್ಟೆ, ಇದು ಕೂದಲ ಗಂಟು, ಇದು ಪೈಪಿನ ಫ್ಲಾಂಜಿನ ಬೋಲ್ಟು. ಎಲ್ಲೋ ಒಂದು ತಂತಿ ತಾಗಿತು, ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಮೇಲೆ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಇಡೀ ಮೈಗೆ ಸೋಪು ನೀರು, ಬ್ಲೀಚ್ ನೀರು ಹೊಡೆಸಿಕೊಂಡು, ಕೊನೆಗೆ ಗ್ಲೌಸ್ ಬಿಚ್ಚಿದಾಗ ತೋರುಬೆರಳು ಒದ್ದೆ. ಮೂರನೇ ದಿನಕ್ಕೆ ಮುಂಗೈವರೆಗೂ ಊತ, ಆಸ್ಪತ್ರೆಯಲ್ಲಿ ಒಂದು ವಾರ. ಬೆರಳು ಉಳಿಯಿತು. ನಿಮ್ಮ ಹುಡುಗ ಚಡ್ಡಿಯಲ್ಲಿ ಇಳಿಯುತ್ತಾನೆ.

ಕಾನೂನೂ ಕೇಳಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಸಲಕರಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಆಳನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲಾಗಬಹುದು. ಜೀವ ಹೋದರೆ 30 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕೆಲಸ ಕಂಟ್ರಾಕ್ಟರ್‌ದು ಅಂದ ಮಾತ್ರಕ್ಕೆ ಸಂಘ ಬಿಡಿಸಿಕೊಳ್ಳಲು ಆಗುವುದಿಲ್ಲ.

ಈಗ ನಿಮ್ಮ ಡಿಫ್ಯೂಸರ್. ಮಿಕ್ಕ ಗಾಳಿ ಲೈನುಗಳ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿ, ಕಟ್ಟಿದ ಲೈನಿಗೆ ಕೆಲವು ನಿಮಿಷ ಹೆಚ್ಚು ಗಾಳಿ ಕೊಡಿಸಿ. ಬ್ಲೋವರಿನ ಪ್ರೆಷರ್ ಗೇಜ್ ಮೇಲೆ ಆಪರೇಟರ್‌ನ ಕಣ್ಣಿರಲಿ. ಡಿಫ್ಯೂಸರಿನ ರಬ್ಬರ್ ಪೊರೆ ಉಬ್ಬಿ, ಕಟ್ಟಿದ ಲೋಳೆ ಉದುರಿ ಎಷ್ಟೋ ಸಲ ಸರಿಹೋಗುತ್ತದೆ. ಆಗಲಿಲ್ಲವೆಂದರೆ, ಮೇಲಿಂದ ಸರಪಳಿ ಹಿಡಿದು ಎತ್ತಬಹುದಾದ ಡಿಫ್ಯೂಸರ್ ಫ್ರೇಮ್ ಹಾಕಿಸಿ. ನಿಮ್ಮ ಬಿಲ್ಡರ್ ಅದನ್ನು ಮೊದಲೇ ಹಾಕಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಪ್ರಶ್ನೆ (ಸ್ವಯಂಸೇವಕ, ಆನೇಕಲ್ ಕಡೆ): ಅಣ್ಣ, ನಾವು ನಾಲ್ಕು ಜನ ಕೆರೆ, ಕ್ವಾರಿ ಹೊಂಡಗಳಲ್ಲಿ ಶವ ಹುಡುಕಿಕೊಡ್ತೀವಿ. ಹತ್ತು ದಿನದ ಕೆಳಗೆ ಚರಂಡಿ ನೀರು ಸೇರುವ ಕೆರೆಗೆ ಇಳಿದಿದ್ದೆ. ನಿನ್ನೆಯಿಂದ ಜ್ವರ, ಮೀನಖಂಡ ಮುಟ್ಟಕ್ಕಾಗ್ತಿಲ್ಲ, ಕಣ್ಣು ಕೆಂಪು.

ಉತ್ತರ: ತಮ್ಮಾ, ಮಾತ್ರೆ ನುಂಗಿ ಮಲಗಬೇಡ, ಇವತ್ತೇ ಡಾಕ್ಟರ ಹತ್ತಿರ ಹೋಗು. "ಹತ್ತು ದಿನದ ಹಿಂದೆ ಚರಂಡಿ ನೀರಲ್ಲಿ ಮುಳುಗಿದ್ದೆ" ಅಂತ ನೀನಾಗಿ ಹೇಳು. ನೀನು ಹೇಳಿದ್ದು ಇಲಿ ಜ್ವರದ ಲಕ್ಷಣ. ಇಲಿಯ ಉಚ್ಚೆ ಬೆರೆತ ನೀರಿಂದ, ಸಣ್ಣ ಗಾಯದ ಮೂಲಕವೂ ಒಳಗೆ ಹೋಗುತ್ತದೆ. ಬೇಗ ಹಿಡಿದರೆ ಸಾಮಾನ್ಯ ಆಂಟಿಬಯೋಟಿಕ್‌ನಲ್ಲೇ ಗುಣವಾಗುತ್ತದೆ, ಬಿಟ್ಟರೆ ಕಿಡ್ನಿ, ಲಿವರ್‌ಗೆ ಇಳಿಯುತ್ತದೆ. ವಾಸಿಯಾದ ಮೇಲೆ ನಾಲ್ಕೂ ಜನ ಧನುರ್ವಾಯು, ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಿಕೊಳ್ಳಿ.

ಕ್ವಾರಿಗೆ ಸಿಲಿಂಡರ್ ಹಾಕಿ ಇಳಿಯುವವರಿದ್ದರೆ ಇದನ್ನೂ ತಿಳಿಸು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗೋವಾದ ಕಡಲಲ್ಲಿ ಕಲಿತ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ, ಎತ್ತರಕ್ಕೆ ತಿದ್ದಿದ ಡೈವಿಂಗ್ ಟೇಬಲ್ಲೇ ಬೇಕು. ಸತ್ತವರು ಕಾಯುತ್ತಾರೆ ತಮ್ಮಾ, ನೀವು ಅವಸರ ಮಾಡಬೇಡಿ.

ಪ್ರಶ್ನೆ (ಕಾರ್ಯದರ್ಶಿ): ನಿಲ್ಲಿಸಿದೆ ಸಾರ್. ಗಾಳಿ ಕೊಟ್ಟು ನೋಡ್ತೀವಿ. ಕೊನೆಗೆ ಖಾಲಿ ಮಾಡಿಸಲೇಬೇಕಾದರೆ, ಖಾಲಿ ಟ್ಯಾಂಕಿಗೆ ಇಳಿಯಬಹುದಲ್ವಾ?

ಉತ್ತರ: ಖಾಲಿ ಕಾಣುವ ಟ್ಯಾಂಕಿನಲ್ಲೇ ಗಾಳಿಗಿಂತ ಭಾರದ ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂತಿರುತ್ತದೆ. ಫ್ಯಾನಿಟ್ಟು ಹೊಸ ಗಾಳಿ ಹಾಯಿಸಬೇಕು. ಗ್ಯಾಸ್ ಮೀಟರನ್ನು ಹಗ್ಗದಲ್ಲಿ ತಳದವರೆಗೆ ಇಳಿಬಿಟ್ಟು ನೋಡಬೇಕು, ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆಯಿದ್ದರೆ ಯಾರೂ ಇಳಿಯಕೂಡದು. ಪಕ್ಕದ ಟ್ಯಾಂಕ್ ತುಂಬಿದ್ದರೆ ನಡುವಿನ ವಾಲ್ವಿಗೆ ಬೀಗ ಹಾಕಿ ಕೀಲಿ ನಿಮ್ಮ ಜೇಬಿನಲ್ಲಿರಲಿ: ಮೂರು ಮೀಟರ್ ನೀರಿನ ಕೆಳಗೆ ಒಂದಡಿ ಚದರದ ಬಾಯಿ ತೆರೆದರೆ 280 ಕಿಲೋ ಹತ್ತಿರದ ಒತ್ತಡ. ಇಳಿಯುವವನಿಗೆ ಗಾಳಿಯ ಮಾಸ್ಕ್, ಮೈಗೆ ಹಾರ್ನೆಸ್, ಮೇಲೆ ಮುಕ್ಕಾಲಿ ಕಂಬ ಮತ್ತು ವಿಂಚ್. ಅವನು ಕುಸಿದರೆ ಮೇಲಿಂದಲೇ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಅವನ ಹಿಂದೆ ಇನ್ನೊಬ್ಬ ಹಾರದ ಹಾಗೆ ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿಡಿ.