ಸಹಾಯ ಬೇಕು: ಚೊಕೊಬೊ ಓಟದಲ್ಲಿ ಸೊನ್ನೆ ಸೆಕೆಂಡು ಮಾಡೋದು ಹೇಗೆ?

ನಮಸ್ಕಾರ, ಶಿರಸಿಯಿಂದ ಬರೀತಿದ್ದೇನೆ. ಫೈನಲ್ ಫ್ಯಾಂಟಸಿ 10 ವಿಡಿಯೋ ಗೇಮ್ ಆಡಿದವರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ತೋರಿಸಿ. ಕಾಮ್ ಲ್ಯಾಂಡ್ಸ್ ಬಯಲಲ್ಲಿ ತರಬೇತುಗಾರ್ತಿ ಜೊತೆ ಪೈಪೋಟಿಗೆ ಚೊಕೊಬೊ (ಸವಾರಿ ಮಾಡೋ ದೊಡ್ಡ ಹಕ್ಕಿ) ಓಡಿಸೋದಿದೆಯಲ್ಲ, ಹದಿನೈದು ದಿನದಿಂದ ಅಲ್ಲೇ ಸಿಕ್ಕಿಬಿದ್ದಿದ್ದೇನೆ. ಒಂದು ಬಲೂನು ಸಿಕ್ಕರೆ 3 ಸೆಕೆಂಡು ಕಡಿಮೆ, ಎದುರಿಂದ ಹಾರಿಬರೋ ಹಕ್ಕಿ ಬಡಿದರೆ 3 ಸೆಕೆಂಡು ಜಾಸ್ತಿ. ಒಟ್ಟು ಸಮಯ ಸೊನ್ನೆಗೆ ಇಳಿದರೆ ಮಾತ್ರ ಸನ್ ಸಿಜಿಲ್ ಅನ್ನೋ ವಸ್ತು ಸಿಗೋದು. ಆಟದ ನಾಯಕ ಟೀಡಸ್‌ನ ವಿಶೇಷ ಕತ್ತಿಗೆ ಪೂರ್ತಿ ಬಲ ಬರೋಕೆ ಅದು ಬೇಕೇ ಬೇಕು.

ನಿನ್ನೆ ರಾತ್ರಿ ಜೋರು ಮಳೆ, ಕರೆಂಟು ಹೋಗೋದ್ರೊಳಗೆ ಒಂದಾದ್ರೂ ಓಟ ಗೆಲ್ಲಬೇಕು ಅಂತ ಕೂತಿದ್ದೆ. 9 ಬಲೂನು ಕೈಸೇರಿತ್ತು. ಗುರಿ ಎದುರಿಗೇ ಕಾಣ್ತಿತ್ತು, ಅಷ್ಟರಲ್ಲಿ ಒಂದರ ಹಿಂದೆ ಒಂದು ಎರಡು ಹಕ್ಕಿ ಬಂದು ಬಡಿದವು. ಪಕ್ಕದಲ್ಲಿದ್ದ ಅಕ್ಕನ ಮಗಳು ‘ಅಯ್ಯೋ ಮಾಮಾ, ಹೋಯ್ತು’ ಅಂತ ನನ್ನ ತೋಳು ಹಿಡಿದುಕೊಂಡಳು. ತುಂಬಾ ಬೇಜಾರಾಯ್ತು.

ತರಬೇತುಗಾರ್ತಿ ಮುಂದೆ ಹೋಗಿ ಬಲೂನೆಲ್ಲ ಬಾಚಿಕೊಳ್ತಾಳೆ. ಶುರುವಲ್ಲೇ ಅವಳಿಗೆ ಅಡ್ಡ ಹೋಗಬೇಕಾ, ಒಂದು ಬದಿ ಹಿಡಿದು ಓಡಬೇಕಾ? ಹಕ್ಕಿ ಬರೋ ದಿಕ್ಕು ಮೊದಲೇ ಗೊತ್ತಾಗೋಕೆ ಏನಾದ್ರೂ ಗುರುತು ಇದೆಯಾ? ಗೆದ್ದವರು ನಿಮ್ಮ ಓಟದ ವಿಡಿಯೋ ಇದ್ರೆ ಹಾಕಿ, ದೊಡ್ಡ ಉಪಕಾರ ಆಗ್ತದೆ.