ತಮ್ಮ ದತ್ತು ತಂದ ನಾಯಿ ರಾಗಿಯನ್ನ ವಾಪಸ್ ಕೊಡೋದಾ? ನಮ್ಮನೆ ಗುಂಪಿನಲ್ಲಿ ಭಾನುವಾರದ ಜಗಳ

ಮೈಸೂರು ಚಿಕ್ಕಪ್ಪ: [ಫಾರ್ವರ್ಡ್ ಆದ ಚಿತ್ರ: ಪ್ರಾಣಿಗಳ ಆಶ್ರಯದ ಗೇಟಿಗೆ ಕಟ್ಟಿರೋ ಕಂದು ನಾಯಿ, ಪಕ್ಕದಲ್ಲಿ ಒಂದು ಚೀಲ] ದತ್ತು ತೆಗೆದುಕೊಂಡು ಎರಡೇ ವರ್ಷಕ್ಕೆ ರಾತ್ರೋರಾತ್ರಿ ವಾಪಸ್ ತಂದು ಕಟ್ಟಿ ಹೋದ ಪಾಪಿಗಳು. ಇವರು ನಾಳೆ ಹೆತ್ತವರನ್ನೂ ಹೀಗೇ ಬಿಡುತ್ತಾರೆ. ಮನುಷ್ಯತ್ವ ಇದ್ದರೆ ಎಲ್ಲರಿಗೂ ಕಳಿಸಿ 🙏

ಹುಬ್ಬಳ್ಳಿ ಅತ್ತೆ: ಅಯ್ಯ ಶಿವನ. ಅದರ ಮಾರಿ ನೋಡ್ರಿ, ಕರುಳು ಚುರುಕ್ ಅಂತದ.

ಮೈಸೂರು ಚಿಕ್ಕಪ್ಪ: ಇಂಥವರ ಫೋಟೋ ಹಾಕಿ ಮಾನ ಕಳೀಬೇಕು. ಆಗ ಬುದ್ಧಿ ಬರುತ್ತೆ.

ಮಂಗಳೂರು ಭಾವ: ಸಾಕ್ಲಿಕ್ಕೆ ಆಗದವರು ತರ್ಲೇಬಾರ್ದು ಮಾರಾಯ್ರೆ. ಅಷ್ಟೇ ವಿಷಯ.

ತಮ್ಮ: [ಈ ಸಂದೇಶವನ್ನು ಅಳಿಸಲಾಗಿದೆ]

ಹುಬ್ಬಳ್ಳಿ ಅತ್ತೆ: ಏನ್ ಅಳಿಸಿದ್ಯೋ?

ತಮ್ಮ: ಏನಿಲ್ಲ ಅತ್ತೆ. ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಸೇರ್ಕೋಬೇಕು. ರಾಗಿ ವಿಷಯ ನಿಮ್ಮನ್ನೆಲ್ಲ ಕೇಳೋಣ ಅಂತ ಬರೆದೆ. ಈ ಫೋಟೋ ಕೆಳಗೆ ಅದನ್ನ ಕೇಳೋಕೆ ಧೈರ್ಯ ಬರ್ಲಿಲ್ಲ.

ಹುಬ್ಬಳ್ಳಿ ಅತ್ತೆ: ಭಾಳ ಖುಷಿ ಆತು ನೋಡಪಾ! ಹೆಂಡ್ತಿನೂ ಬರ್ತಾಳಲ್ಲ?

ಮೈಸೂರು ಚಿಕ್ಕಪ್ಪ: ಕೆಲಸಕ್ಕೆ ಅಭಿನಂದನೆ. ಆದರೆ ರಾಗಿನ ವಾಪಸ್ ಕೊಡೋ ಯೋಚನೆ ಇದ್ರೆ ಈಗಲೇ ಬಿಡು. ಕೈಬಿಟ್ಟವರು ಅಂತ ನಮ್ಮ ಮನೆಗೆ ಹೆಸರು ಬರಬಾರದು.

ನಾನು: ಚಿಕ್ಕಪ್ಪ, ಅವನು ಬರೆದು ಅಳಿಸಿದ್ದು ಈ ಮಾತಿಗೆ ಹೆದರಿಯೇ. ನೀವು ಕಳಿಸಿದ ಫೋಟೋದಲ್ಲಿರೋ ನಾಯಿನೂ ಇದೇ ಹೆದರಿಕೆಯಿಂದ ಗೇಟಿಗೆ ಬಂದಿರಬಹುದು. ಹಗಲು ಹೊತ್ತಲ್ಲಿ ಒಳಗೆ ಬಂದು, ಕೂತು, ಹೀಗ್ಹೀಗಾಯ್ತು ಅಂತ ಹೇಳಿ ಒಪ್ಪಿಸೋಕೆ ಮುಖ ಇಲ್ಲದವರು ರಾತ್ರಿ ಬಂದು ಕಟ್ಟಿ ಓಡ್ತಾರೆ. ಆ ನಾಯಿ ಹೆಸರೇನು, ಲಸಿಕೆ ಆಗಿದ್ಯಾ, ಯಾವ ಕಾಯಿಲೆ ಇತ್ತು, ಯಾರನ್ನಾದ್ರೂ ಕಚ್ಚಿದ್ಯಾ, ಒಂದೂ ಬೆಳಗ್ಗೆ ನಮಗೆ ಗೊತ್ತಿರಲ್ಲ.

ಮೈಸೂರು ಚಿಕ್ಕಪ್ಪ: ಅಂದ್ರೆ ವಾಪಸ್ ಕೊಡೋದು ಸರಿ ಅಂತೀಯಾ? ನೀನೇ ಪ್ರತಿ ಶನಿವಾರ ಆಶ್ರಯಕ್ಕೆ ಹೋಗಿ ಗೂಡು ತೊಳೆದು ಬರೋಳು!

ನಾನು: ಹೋಗಿ ನೋಡಿರೋದ್ರಿಂದಲೇ ಹೇಳ್ತಿದೀನಿ. ವಾಪಸ್ ಬಂದ ನಾಯಿ ಪಡೋ ಪಾಡು ಚಿಕ್ಕದಲ್ಲ. ಮನೆ ಸೋಫಾ ಮೇಲೆ ಮಲಗಿ ಅಭ್ಯಾಸ ಆಗಿರೋದು ಗೂಡಿನ ಗದ್ದಲದಲ್ಲಿ ಊಟ ಬಿಡುತ್ತೆ. ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತೆ, ಕಾರಿನ ಸದ್ದು ಕೇಳಿದಾಗೆಲ್ಲ ಎದ್ದು ನಿಲ್ಲುತ್ತೆ. ಆದ್ರೂ ಆಶ್ರಯಕ್ಕೆ ಬಂದ್ರೆ ಅದಕ್ಕೆ ಇನ್ನೊಂದು ಮನೆ ಸಿಗೋ ದಾರಿ ಇರುತ್ತೆ. ರಿಂಗ್ ರೋಡಲ್ಲಿ ಇಳಿಸಿ ಹೋದ್ರೆ ಆ ದಾರಿನೂ ಇಲ್ಲ. ಮನೇಲಿ ಬೆಳೆದ ನಾಯಿನ ಬೀದಿ ನಾಯಿಗಳು ತಮ್ಮ ಜಾಗಕ್ಕೆ ಬಿಟ್ಕೊಳಲ್ಲ, ಗುಂಪಾಗಿ ಬಿದ್ದು ಹರಿದುಹಾಕ್ತವೆ.

ಮಂಗಳೂರು ಭಾವ: ಇದು ಸುಪ್ರೀಂ ಕೋರ್ಟೇ ಹೇಳಿದ್ದಲ್ವಾ? ದತ್ತು ತಗೊಂಡ ನಾಯಿ ವಾಪಸ್ ಕೊಡ್ಲಿಕ್ಕೆ ಇಲ್ಲ ಅಂತ. ಎಲ್ಲೋ ಓದಿದ ನೆನಪು.

ವಕೀಲ ಮಾವ: ಹಾಗಲ್ಲ. 2025ರ ಆಗಸ್ಟ್ 22ರ ಆದೇಶ ಅದು, ದೆಹಲಿ ಬೀದಿ ನಾಯಿಗಳ ಪ್ರಕರಣದಲ್ಲಿ. ಬೀದಿ ನಾಯಿಯನ್ನು ದತ್ತು ಪಡೆಯಲು ಇಚ್ಛಿಸುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಬೀದಿಗೆ ಹೋಗಬಾರದು ಎಂದಿದೆ, ಆಶ್ರಯಕ್ಕೆ ಕೊಡಬಾರದು ಎಂದಿಲ್ಲ. ಇನ್ನು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರದ್ದು. ಸಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ.

ಹುಬ್ಬಳ್ಳಿ ಅತ್ತೆ: 50 ರೂಪಾಯಿ???

ವಕೀಲ ಮಾವ: 1960ರಲ್ಲಿ ಬರೆದ ಮೊತ್ತ. ಹಾಗೇ ಉಳಿದಿದೆ.

ಮೈಸೂರು ಚಿಕ್ಕಪ್ಪ: ನೋಡಿ ಮತ್ತೆ! ಕಾನೂನಿನ ಭಯ ಇಲ್ಲ. ನಾಲ್ಕು ಜನ ಏನಂತಾರೋ ಅನ್ನೋ ನಾಚಿಕೆ ಒಂದೇ ಉಳಿದಿರೋದು. ಅದನ್ನೂ ತೆಗೆದುಬಿಟ್ರೆ ಅಂಗಡಿಲಿ ಸೀರೆ ಬದಲಾಯಿಸಿದ ಹಾಗೆ ನಾಯಿ ಬದಲಾಯಿಸ್ತಾರೆ ಜನ.

ನಾನು: ಈ ಮಾತಿಗೆ ನಾನು ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನಾಚಿಕೆ ಪಡಿಸಿದ್ರೆ ವಾಪಸ್ ತರೋದು ನಿಲ್ಲಲ್ಲ. ನಿಜ ಹೇಳೋದು ನಿಲ್ಲುತ್ತೆ. ಕಳೆದ ವರ್ಷ ಒಬ್ಬರು ತಮ್ಮ ಗಂಡು ನಾಯಿನ ವಾಪಸ್ ತಂದ್ರು. ಲಸಿಕೆ ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ ಜೋಪಾನವಾಗಿತ್ತು. ಸ್ಟೀಲ್ ಬಟ್ಟಲು, ಅರ್ಧ ಉಳಿದ ಪೆಡಿಗ್ರಿ ಪೊಟ್ಟಣ, ಅವನು ಮಲಗೋ ಹಳೇ ಕಂಬಳಿ, ಎಲ್ಲ ಕೊಟ್ರು. ಪ್ರೀತಿ ಇಲ್ಲದವರು ಕಂಬಳಿ ತರಲ್ಲ. ಫಾರಂನಲ್ಲಿ ಕಾರಣ ಅನ್ನೋ ಜಾಗದಲ್ಲಿ ‘ವರ್ಗಾವಣೆ’ ಅಂತ ಬರೆದ್ರು. ಯಾರಿಗಾದ್ರೂ ಕಚ್ಚಿದ್ದಾನಾ ಅಂತ ಕೇಳಿದ್ದಕ್ಕೆ ಛೆ ಛೆ, ಬಂಗಾರದಂಥ ನಾಯಿ ಅಂದ್ರು.

ಆಶ್ರಯದಲ್ಲೂ ಸ್ವಭಾವ ನೋಡೇ ಕೊಡೋದು. ಆದ್ರೆ ಹೊಸದಾಗಿ ಬಂದ ನಾಯಿ ಬೆದರಿ ಮುದುಡಿರುತ್ತೆ. ಮುಟ್ಟಿದ್ರೂ ಸುಮ್ನಿರುತ್ತೆ, ತಿನ್ನೋದೇ ಕಮ್ಮಿ, ಇನ್ನು ತಟ್ಟೆಗಾಗಿ ಜಗಳ ಎಲ್ಲಿಂದ? ಅದರ ನಿಜವಾದ ಗುಣ ಹೊರಗೆ ಬರೋಕೆ ವಾರಗಳು ಬೇಕು, ಕೆಲವಕ್ಕೆ ತಿಂಗಳು. ಅದಕ್ಕೆ ಮೊದಲಿನ ಮನೆಯವರ ಮಾತೇ ಆಧಾರ. ಅವರ ಮಾತು ನಂಬಿ ಅವನನ್ನ ಪುಟ್ಟ ಮಗು ಇರೋ ಮನೆಗೆ ಕೊಡಲಾಯ್ತು. ಅವನು ತಿನ್ನುವಾಗ ಮಗು ಬಟ್ಟಲಿಗೆ ಕೈ ಹಾಕ್ತು. ಮಣಿಕಟ್ಟಿಗೆ ಹಲ್ಲು ಇಳೀತು. ಆಸ್ಪತ್ರೆ, ರೇಬೀಸ್ ಚುಚ್ಚುಮದ್ದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೊಬ್ಯುಲಿನ್ ಅನ್ನೋ ರಕ್ಷಣೆಯ ಇಂಜೆಕ್ಷನ್. ಮಗು ಕಿರುಚಿದ್ದನ್ನ ಅದರ ತಾಯಿ ಹೇಳುವಾಗ ನಾನು ಅಲ್ಲೇ ಇದ್ದೆ.

ಮೊದಲ ಮನೆಯವರಿಗೆ ಫೋನ್ ಮಾಡಿದ್ರೆ ಆಗ ಬಾಯಿಬಿಟ್ರು. ತಟ್ಟೆ ಹತ್ರ ಹೋದ್ರೆ ಮೊದಲಿಂದಲೂ ಗುರ್ ಅಂತಿದ್ದ, ಅವರ ಮಗಳಿಗೂ ಒಮ್ಮೆ ಹಲ್ಲು ತಾಗಿತ್ತಂತೆ. ವರ್ಗಾವಣೆ ಅನ್ನೋದೇ ಸುಳ್ಳು. ಹೇಳಿದ್ರೆ ಎಲ್ಲರೂ ಉಗೀತಾರೆ, ಆಶ್ರಯದವರು ತಗೊಳಲ್ಲ ಅಂತ ಭಯ ಆಯ್ತು ಅಂದ್ರು. ತಟ್ಟೆ ಕಾಯೋ ಗುಣಕ್ಕೆ ದಾರಿ ಇದೆ ಚಿಕ್ಕಪ್ಪ. ಮಕ್ಕಳಿಲ್ಲದ ಮನೆ ನೋಡ್ಬೇಕು, ಬೇರೆ ಕೋಣೇಲಿ ಊಟ ಹಾಕ್ಬೇಕು, ಮನುಷ್ಯ ಹತ್ರ ಬಂದ್ರೆ ಇನ್ನೂ ಒಳ್ಳೇದು ಸಿಗುತ್ತೆ ಅಂತ ನಿಧಾನವಾಗಿ ಕಲಿಸ್ಬೇಕು. ಅದನ್ನ ಫಾರಂನಲ್ಲಿ ಒಂದು ಸಾಲು ಬರೆದಿದ್ರೆ ಆ ಮಗುಗೂ ಏನೂ ಆಗ್ತಿರ್ಲಿಲ್ಲ, ಆ ನಾಯಿಗೂ.

ಹುಬ್ಬಳ್ಳಿ ಅತ್ತೆ: ಆ ನಾಯಿ ಈಗ ಎಲ್ಲೈತಿ?

ನಾನು: ಅಲ್ಲೇ ಇದಾನೆ ಅತ್ತೆ. ಎರಡು ಸಲ ವಾಪಸ್ ಬಂದವನು, ಕಚ್ಚಿದವನು ಅಂದ್ಮೇಲೆ ಯಾರೂ ಕೇಳಲ್ಲ.

ದೊಡ್ಡಮ್ಮ: [ಶುಭೋದಯ ಚಿತ್ರ: ಕಮಲದ ಹೂವು]

ದೊಡ್ಡಮ್ಮ: ಈಗ ಓದಿದೆ ಎಲ್ಲಾ. ನಮ್ಮ ಕಾಲದಲ್ಲಿ ಆಶ್ರಯ ಗೀಶ್ರಯ ಎಲ್ಲಿತ್ತು? ಬೆಕ್ಕಿನ ಮರಿ ಹೆಚ್ಚಾದರೆ ಗೋಣಿಚೀಲಕ್ಕೆ ಹಾಕಿ ಹೊಳೆ ಆಚೆ ಬಿಟ್ಟು ಬರ್ತಿದ್ದರು. ಅದರ ಕೂಗು ಕೇಳಿ ನಾನು ಅತ್ತದ್ದಕ್ಕೆ ಅಪ್ಪಯ್ಯ ಬೈದಿದ್ದರು. ಆಗ ಎಲ್ಲರೂ ಒಳ್ಳೆಯವರು, ಈಗಿನವರು ಮಾತ್ರ ಪಾಪಿಗಳು ಅಂತ ಬರೀಬೇಡಿ.

ತಂಗಿ, ನ್ಯೂಜೆರ್ಸಿ: ದೊಡ್ಡಮ್ಮ ❤️ ಇಲ್ಲೂ ಕೋವಿಡ್ ಮುಗಿದ ಮೇಲೆ ಸಾಕುಪ್ರಾಣಿಗಳನ್ನೆಲ್ಲ ವಾಪಸ್ ತಂದು ಸುರೀತಿದ್ದಾರೆ ಅಂತ ಸುದ್ದಿ ಹಬ್ಬಿತ್ತು. ಎಎಸ್‌ಪಿಸಿಎ ಅನ್ನೋ ಇಲ್ಲಿನ ಪ್ರಾಣಿ ದಯಾ ಸಂಸ್ಥೆ 2021ರಲ್ಲಿ ಸಮೀಕ್ಷೆ ಮಾಡಿದಾಗ, ಆ ಸಮಯದಲ್ಲಿ ತಂದ ನಾಯಿಗಳಲ್ಲಿ ಶೇ 90, ಬೆಕ್ಕುಗಳಲ್ಲಿ ಶೇ 85 ಇನ್ನೂ ಅದೇ ಮನೇಲಿದ್ವು. ಹೆಚ್ಚಿನವರು ಉಳಿಸ್ಕೋತಾರೆ ಚಿಕ್ಕಪ್ಪ.

ಮೈಸೂರು ಚಿಕ್ಕಪ್ಪ: ಅಮೆರಿಕಾ ಲೆಕ್ಕ ಇಲ್ಲಿಗೆ ಬರಲ್ಲ. ಇಲ್ಲಿ ಜನ ಹಸ್ಕಿ ತಂದು ಎರಡು ಬೆಡ್‌ರೂಮ್ ಫ್ಲ್ಯಾಟಲ್ಲಿ ಇಡ್ತಾರೆ.

ನಾನು: ಅದನ್ನ ಪೂರ್ತಿ ಒಪ್ತೀನಿ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯೋ ತಳಿನ ವೈಟ್‌ಫೀಲ್ಡ್ ಬಾಲ್ಕನಿಲಿ ಕಟ್ಟೋದು, ಓಡೋಕೇ ಹುಟ್ಟಿರೋ ಮುಧೋಳ ನಾಯಿನ ದಿನಕ್ಕೆ ಎರಡು ಸಲ ಲಿಫ್ಟಲ್ಲಿ ಇಳಿಸಿ ಹತ್ತಿಸೋದು. ಬೈಯೋದಿದ್ರೆ ತರೋ ದಿನ ಬೈಯಿರಿ, ನಾನೂ ನಿಮ್ಮ ಜೊತೆ ಬೈತೀನಿ. ದತ್ತು ಕೊಡುವಾಗ ಮನೆಯವರೆಲ್ಲ ಒಪ್ಪಿದ್ದಾರಾ, ಮಾಲೀಕರ ಒಪ್ಪಿಗೆ ಇದ್ಯಾ, ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅಂತ ಕೇಳೋದು ಇದಕ್ಕೇ. ಆಗ ಜನ ನಮ್ಮ ಮೇಲೇ ರೇಗ್ತಾರೆ, ಹೆಣ್ಣು ಕೇಳೋಕೆ ಬಂದಿದೀವಾ ಅಂತ. 12ರಿಂದ 15 ವರ್ಷ ಬದುಕೋ ಜೀವ ಅದು. ಅಷ್ಟು ವರ್ಷದಲ್ಲಿ ಕೆಲಸ ಹೋಗುತ್ತೆ, ಮನೆ ಬದಲಾಗುತ್ತೆ, ಕಾಯಿಲೆ ಬರುತ್ತೆ, ಗಂಡ ಹೆಂಡತಿ ಬೇರೆ ಆಗ್ತಾರೆ. ಎಲ್ಲ ಮೊದಲೇ ಊಹಿಸೋಕೆ ಆಗಲ್ಲ.

ಹುಬ್ಬಳ್ಳಿ ಅತ್ತೆ: ಹಂಗಂದ್ರ ನಮ್ಮನೀದೂ ಹೇಳ್ಬಿಡ್ತೀನಿ. ಸೊಸಿಗೆ ಈಗ ಮೂರು ತಿಂಗಳು. ಬೆಕ್ಕು ಮನ್ಯಾಗ ಇರಬಾರ್ದು, ಕೂಸಿಗೆ ತೊಂದ್ರಿ ಅಂತ ಎಲ್ಲಾರೂ ಅಂತಾರ. ನಾನೂ ಹಂಗ ಅಂದೀನಿ. ಆಕಿ ಎರಡು ದಿನದಿಂದ ಸರಿಯಾಗಿ ಊಟ ಮಾಡವಲ್ಳು.

ನಾನು: ಅತ್ತೆ, ಸಿಹಿ ಸುದ್ದಿ!! ಬೆಕ್ಕು ಬಿಡ್ಬೇಡಿ, ದಯವಿಟ್ಟು. ಆ ಭಯ ಟೊಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿಯದು. ಬೆಕ್ಕಿಗೆ ಸೋಂಕಿದ್ರೆ ಅದರ ಮಲದಲ್ಲಿ ಬರುತ್ತೆ, ಆದ್ರೆ ಹೊರಬಿದ್ದ ಮೇಲೆ ಒಂದರಿಂದ ಐದು ದಿನ ಕಳೆದ್ರೆ ಮಾತ್ರ ಅದು ಅಂಟೋ ಸ್ಥಿತಿಗೆ ಬರೋದು. ಅದಕ್ಕೆ ಮರಳಿನ ಟ್ರೇನ ದಿನಾ ತೆಗೀಬೇಕು, ಆ ಕೆಲಸ ಅವಳು ಮಾಡ್ಬಾರ್ದು. ಬೆಕ್ಕನ್ನ ಹೊರಗೆ ಬಿಡ್ಬೇಡಿ, ಹಸಿ ಮಾಂಸ ಹಾಕ್ಬೇಡಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ಕೈತೋಟದ ಮಣ್ಣು, ಇವುಗಳಿಂದಲೂ ಅದೇ ಸೋಂಕು ಬರುತ್ತೆ. ಅವಳ ಡಾಕ್ಟರನ್ನ ಒಮ್ಮೆ ಕೇಳಿ, ರಕ್ತ ಪರೀಕ್ಷೆ ಬೇಕಾ ಅಂತ ಅವರು ಹೇಳ್ತಾರೆ.

ಹುಬ್ಬಳ್ಳಿ ಅತ್ತೆ: ಟ್ರೇ ನಿನ್ನ ಮಾವ ತೆಗೀತಾರ. ಇವತ್ತಿಂದನ.

ಮಂಗಳೂರು ಭಾವ: 👏👏

ತಮ್ಮ: ನನ್ನ ವಿಷಯಕ್ಕೆ ಬರ್ತೀರಾ? ರಾಗಿನ ಕರ್ಕೊಂಡೇ ಹೋಗೋಕೆ ಆಗಲ್ವಾ ಅಂತ ನೋಡಿದೆ. ತಲೆ ಕೆಟ್ಟುಹೋಯ್ತು.

ನಾನು: ಆಗುತ್ತೆ, ಎರಡು ತಿಂಗಳಲ್ಲಿ ಆಗಲ್ಲ. ಮೊದಲು ಮೈಕ್ರೋಚಿಪ್, ಅಂದ್ರೆ ಚರ್ಮದ ಕೆಳಗೆ ಹಾಕೋ ಗುರುತಿನ ಚಿಪ್. ಚಿಪ್ ಹಾಕೋಕೆ ಮುಂಚೆ ಕೊಟ್ಟ ರೇಬೀಸ್ ಲಸಿಕೆ ಐರೋಪ್ಯ ಒಕ್ಕೂಟದ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಚಿಪ್ ಆದ್ಮೇಲೆ ಮತ್ತೆ ಲಸಿಕೆ. ಅದಾಗಿ 30 ದಿನ ಬಿಟ್ಟು, ಲಸಿಕೆ ಹಿಡಿದಿದ್ಯಾ ಅಂತ ನೋಡೋಕೆ ರಕ್ತ ತೆಗೆದು, ಅವರು ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳಿಸ್ಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯ್ಬೇಕು. ಹೊರಡೋ ಮುಂಚೆ ಹೆಸರಘಟ್ಟದ ಪ್ರಾಣಿ ಕ್ವಾರಂಟೈನ್ ಕೇಂದ್ರದ ಕಾಗದನೂ ಬೇಕು. ಇನ್ನೊಂದು ಮುಖ್ಯ: ನೀನು ಪ್ರಯಾಣ ಮಾಡಿದ ಐದು ದಿನದ ಒಳಗೆ ನಾಯಿ ಬರ್ಬೇಕು, ಇಲ್ಲಾಂದ್ರೆ ಅದು ವ್ಯಾಪಾರದ ಸಾಗಣೆ ಅಂತಾಗಿ ನಿಯಮ ಬಿಗಿಯಾಗುತ್ತೆ. ಅಂದ್ರೆ ನೀನು ಹೋಗಿ, ಮನೆ ಹಿಡಿದು, ಒಮ್ಮೆ ಬಂದು ಕರ್ಕೊಂಡು ಹೋಗ್ಬೇಕು.

ತಮ್ಮ: ಹೊಸ ಕೆಲಸ, ಅಷ್ಟು ಬೇಗ ರಜೆ ಸಿಗುತ್ತೋ ಇಲ್ವೋ. ಅಲ್ಲಿ ನಾಯಿ ಒಪ್ಪೋ ಬಾಡಿಗೆ ಮನೆ ಸಿಗೋದು ಬೇರೆ ಕಷ್ಟ ಅಂತಾರೆ.

ದೊಡ್ಡಮ್ಮ: ಇಲ್ಲಿಗೆ ಬಿಡು. ತೀರ್ಥಹಳ್ಳೀಲಿ ಜಾಗಕ್ಕೇನು ಬರ. ಆದರೆ ಚಿರತೆ ಕಾಟ ಇದೆ, ಹೋದ ಮಳೆಗಾಲ ಕೆಳಮನೆ ನಾಯಿನ ಸರಪಳಿ ಸಮೇತ ಎಳೆದುಕೊಂಡು ಹೋಯ್ತು. ರಾತ್ರಿ ಒಳಗೆ ಮಲಗಿಸ್ಕೋತೀನಿ. ಕೋಳಿ ಹಿಡಿಯುತ್ತಾ?

ತಮ್ಮ: ಗೊತ್ತಿಲ್ಲ ದೊಡ್ಡಮ್ಮ, ಕೋಳಿನೇ ನೋಡಿಲ್ಲ ಅವಳು.

ಮೈಸೂರು ಚಿಕ್ಕಪ್ಪ: ಅಕ್ಕಾ, ನಿನಗೆ ಮಂಡಿನೋವು. ಎಳೆದ್ರೆ ಬೀಳ್ತೀಯ. ಇದು ಸರಿ ಹೋಗಲ್ಲ.

ನಾನು: ಚಿಕ್ಕಪ್ಪ ಹೇಳೋದು ಸರಿ ಇದೆ. ಎರಡು ಕೆಲಸ ಒಟ್ಟಿಗೆ ಶುರು ಮಾಡೋಣ. ಚಿಪ್ ಮತ್ತು ಲಸಿಕೆ ಈ ವಾರವೇ ಆಗ್ಲಿ, ರಾಗಿ ಎಲ್ಲಿಗೆ ಹೋದ್ರೂ ಅದು ವ್ಯರ್ಥ ಅಲ್ಲ. ಜೊತೆಗೆ ಅವಳನ್ನ ಕೊಟ್ಟ ಆಶ್ರಯಕ್ಕೆ ನಾಳೆಯೇ ತಿಳಿಸು. ದತ್ತು ಪತ್ರ ತೆಗೆದು ಓದು, ಸಾಕೋಕಾಗದಿದ್ರೆ ನಮಗೇ ತಿಳಿಸಿ, ಬೇರೆಯವರಿಗೆ ದಾಟಿಸಬೇಡಿ ಅಂತ ಸಾಮಾನ್ಯವಾಗಿ ಇರುತ್ತೆ. ಎರಡು ತಿಂಗಳು ಮುಂಚೆ ಹೇಳಿದ್ರೆ ಅವಳು ನಿನ್ನ ಮನೇಲೇ ಇರ್ತಾ ಅವರು ಹೊಸ ಮನೆ ಹುಡುಕ್ತಾರೆ. ಗೂಡಿಗೆ ಹೋಗೋದೇ ಬೇಕಾಗಲ್ಲ. ಹೊರಡೋ ಹಿಂದಿನ ದಿನ ಹೇಳಿದ್ರೆ ಗೂಡೇ ಗತಿ.

ಮೈಸೂರು ಚಿಕ್ಕಪ್ಪ: ನನಗೆ ಈಗಲೂ ಮನಸ್ಸು ಒಪ್ಪಲ್ಲ. ಅವಳು ನಿನ್ನನ್ನೇ ಅಪ್ಪ ಅಂದ್ಕೊಂಡಿದಾಳೆ ಕಣೋ.

ತಮ್ಮ: ನನಗೆ ಗೊತ್ತು ಚಿಕ್ಕಪ್ಪ. ಅದಕ್ಕೇ ಎರಡು ವಾರದಿಂದ ನಿದ್ದೆ ಇಲ್ಲ.

ಮೈಸೂರು ಚಿಕ್ಕಪ್ಪ: ಸರಿ. ಮೇಲಿನ ಫೋಟೋ ಅಳಿಸ್ತೀನಿ. ಬೇರೆ ಗುಂಪುಗಳಲ್ಲೂ.

ನಾನು: ಆಶ್ರಯಕ್ಕೆ ಏನು ಬರೀತೀಯ, ಇಲ್ಲೇ ಹಾಕು.

ತಮ್ಮ: ರಾಗಿ, ನಾಲ್ಕು ವರ್ಷ, ಹೆಣ್ಣು, ಸಂತಾನಹರಣ ಆಗಿದೆ. ಲಸಿಕೆ ಎಲ್ಲ ಸರಿ ಇದೆ. ತುಂಬ ಮುದ್ದು. ಅನ್ನ ಮೊಸರು ಇಷ್ಟ. ಮನೆಯೊಳಗೆ ಗಲೀಜು ಮಾಡಲ್ಲ. ವಿದೇಶಕ್ಕೆ ಹೋಗ್ತಿರೋದ್ರಿಂದ ಹೊಸ ಮನೆ ಬೇಕಿದೆ.

ನಾನು: ಪಟಾಕಿ?

ತಮ್ಮ: ಹ್ಞೂಂ. ಪಟಾಕಿ, ಸಿಡಿಲಿಗೆ ಹೆದರಿ ಮಂಚದ ಕೆಳಗೆ ಹೋಗ್ತಾಳೆ. ಎಳೆದ್ರೆ ಗುರ್ ಅಂತಾಳೆ. ಸೇರಿಸ್ತೀನಿ.

ನಾನು: ಬೈಕ್ ಹಿಂದೆ ಓಡೋದು. ಆಮೇಲೆ ದೀಪಾವಳಿ ದಿನ ಪಕ್ಕದ ಮನೆ ಹುಡುಗ ಮಂಚದ ಕೆಳಗೆ ಕೈ ಹಾಕಿದಾಗ ಕಚ್ಚಿದ್ದು.

ತಮ್ಮ: ಅದು ಬರೆದ್ರೆ ಯಾರೂ ತಗೊಳಲ್ಲ.

ನಾನು: ಹೆದರಿದಾಗ ಎಳೀಬಾರ್ದು ಅಂತ ಗೊತ್ತಿರೋರು ತಗೋತಾರೆ. ತಡ ಆಗ್ಬಹುದು, ಅದಕ್ಕೇ ಎರಡು ತಿಂಗಳು ಬೇಕಾಗಿರೋದು. ಯಾವ ವರ್ಷ, ಗಾಯ ಎಷ್ಟಾಗಿತ್ತು, ಅದನ್ನೂ ಬರಿ.

ತಮ್ಮ: ಬರೀತಿದೀನಿ.