ಸಹಾಯ ಬೇಕು: ಮಾಂಜಾಗೆ ಸಿಕ್ಕಿದ ಹದ್ದು, ಮತ್ತೆ ನಮ್ಮ ಹುಡುಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಬನಶಂಕರಿಯಲ್ಲಿ. ನನ್ನ ಅಕ್ಕನ ಮಗನಿಗೆ 11 ವರ್ಷ. ಯುಗಾದಿ ಕಳೆದು ವಾರಕ್ಕೆ ಭಾವ ತೀರಿಕೊಂಡರು. ಆಮೇಲೆ ಹುಡುಗ ಸ್ಕೂಲಿಗೇ ಹೋಗಿಲ್ಲ. ಮಾತೂ ಅಷ್ಟಕ್ಕಷ್ಟೆ.

ನಿನ್ನೆ ಸಂಜೆ ನಮ್ಮ ತಾರಸಿಯಲ್ಲಿ ಒಂದು ಹದ್ದು ಬಿದ್ದಿತ್ತು. ಆಷಾಢ, ಗಾಳಿಪಟದ ಕಾಲ ಅಲ್ವಾ, ರೆಕ್ಕೆಗೆ ಮಾಂಜಾ ದಾರ ಸುತ್ತಿಕೊಂಡಿತ್ತು. ಇವನೇ ಟವೆಲ್ ಹೊದಿಸಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕೂರಿಸಿದ. ಹಾಲು, ಅನ್ನ ಹಾಕಬಾರದು, ಕೊಕ್ಕಿಗೆ ನೀರು ಸುರಿಯಬಾರದು ಅಂತ ನನಗೇ ಪಾಠ! ಮೊಟ್ಟೆಯೂ ಬಾರದ ಮನೆ ನಮ್ಮದು. ಅಮ್ಮ ಮೂಗಿಗೆ ಸೆರಗು ಹಿಡಿದು ಕೋಳಿ ಅಂಗಡಿ ಮುಂದೆ ನಿಂತಿದ್ದರು. ರಾತ್ರಿಯೆಲ್ಲ ಎದ್ದೆದ್ದು ಹೋಗಿ ಡಬ್ಬಿಗೆ ಕಿವಿಯಿಟ್ಟು ಕೇಳುತ್ತಿದ್ದ.

ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಗೊತ್ತು. ಗಾಯವೂ ಆಳವಾಗಿದೆ. ಇನ್ನೊಂದು ಗಂಟೆಯಲ್ಲಿ ಕೆಂಗೇರಿ ಕಡೆಯ ವನ್ಯಜೀವಿ ಆಸ್ಪತ್ರೆಗೆ ಹೊರಡುತ್ತೇವೆ. "ಹಾರಿಬಿಡುವಾಗ ನನ್ನನ್ನ ಕರೀತಾರಾ ಚಿಕ್ಕಮ್ಮ?" ಅಂದ. ಇಷ್ಟು ತಿಂಗಳಲ್ಲಿ ಅವನಾಗಿ ಕೇಳಿದ್ದು ಇದೊಂದೇ.

ಅಲ್ಲಿಗೆ ಹಕ್ಕಿ ಒಯ್ದವರು ಯಾರಾದರೂ ಇದ್ದೀರಾ? ಆಮೇಲೆ ಹೇಗಿದೆ ಅಂತ ವಿಚಾರಿಸಬಹುದಾ, ಬಿಡುವಾಗ ಮಕ್ಕಳನ್ನು ಬರಲು ಬಿಡುತ್ತಾರಾ? ನಿಮ್ಹಾನ್ಸ್‌ನಲ್ಲಿ ಮಕ್ಕಳನ್ನು ತೋರಿಸಿದವರೂ ದಯವಿಟ್ಟು ಹೇಳಿ. ಹಕ್ಕಿ ಉಳಿಯದಿದ್ದರೆ ಇವನಿಗೆ ಹೇಗೆ ಹೇಳೋದು ಅಂತ ಅಕ್ಕ ಈಗಲೇ ಹೆದರಿದ್ದಾಳೆ.